ತಲೆ ಸುತ್ತು ಇರುವವರು ಹೆಡ್‌ಫೋನ್ ತಗೊಳ್ಳುವ ಮುಂಚೆ ಇದನ್ನು ಓದಿ. ನಾನು ಟೋಪಿ ಹಾಕಿಸಿಕೊಂಡು ಬಂದಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಪೆದ್ದನಲ್ಲ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಯಿತು. ಸೊಪ್ಪಿನವಳ ಹತ್ತಿರವೂ ಚೌಕಾಸಿ ಮಾಡುವ ಜಾತಿ ನಾನು. ಆದರೂ 7,490 ರೂಪಾಯಿ ಎಣಿಸಿಕೊಟ್ಟು ಟೋಪಿ ಹಾಕಿಸಿಕೊಂಡು ಬಂದೆ. ಇದು ಬರೀ ಮಾತಿಗೆ ಹೇಳಿದ್ದಲ್ಲ. ನಿಜಕ್ಕೂ ತಲೆ ಮೇಲೇ ಇಟ್ಟು ಕಳಿಸಿದರು.

ನನಗೆ ಹೋದ ವರ್ಷದಿಂದ ತಲೆ ಸುತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಫ್ಯಾನ್ ಜೊತೆ ಸೂರೂ ತಿರುಗುತ್ತಿತ್ತು. ಇಎನ್‌ಟಿ ಡಾಕ್ಟರ್ ನೋಡಿ ಬಿಪಿಪಿವಿ ಅಂದರು. ಒಳಗಿವಿಯಲ್ಲಿ ಸುಣ್ಣದ ಹರಳಿನಂಥ ಸಣ್ಣ ಸಣ್ಣ ಕಣ ಇರುತ್ತವಂತೆ. ಅವು ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರಿದರೆ ಹೀಗಾಗುತ್ತದಂತೆ. ಎಪ್ಲಿ ಅಂತ ಒಂದು ಕಸರತ್ತು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಮಲಗಿಸಿ ಎಬ್ಬಿಸುತ್ತಾರೆ, ಅದನ್ನು ಎರಡು ಸಲ ಮಾಡಿಸಿದರು. ಎಷ್ಟೋ ವಾಸಿಯಾಯಿತು. ಆದರೆ ಚಿಕ್ಕಂದಿನಿಂದ ಘಾಟಿ ರಸ್ತೆಯಲ್ಲಿ ಹೊಟ್ಟೆ ತೊಳೆಸುವ ಕಾಟ ಬೇರೆ ಇದೆ. ಅದಕ್ಕೆ ಕಸರತ್ತು ಇಲ್ಲ.

ಊರು ಪುತ್ತೂರು. ಅಮ್ಮ ಒಬ್ಬರೇ ಇರುವುದರಿಂದ ತಿಂಗಳಿಗೊಂದು ಸಲ ಹೋಗಲೇಬೇಕು. ಅಂದರೆ ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ. ರಾತ್ರಿ ಬಸ್ಸಿನ ಕಥೆ ನಿಮಗೆ ಗೊತ್ತೇ ಇದೆ. ಹಿಂದಿನ ಸೀಟಿನವನು ಇಯರ್‌ಫೋನ್ ಇಲ್ಲದೆ ರೀಲ್ಸ್ ನೋಡುತ್ತಿರುತ್ತಾನೆ. ಹಾಸನ ದಾಟಿದರೂ ನಿದ್ದೆ ಇಲ್ಲ. ಅದಕ್ಕೇ ಕಿವಿ ಪೂರ್ತಿ ಮುಚ್ಚುವ, ಮೆತ್ತಗಿರುವ ಒಂದು ಹೆಡ್‌ಫೋನ್ ತಗೊಳ್ಳೋಣ ಅಂತ ಹೊರಟೆ. ಆನ್‌ಲೈನ್ ಬೇಡ, ಹಾಕಿ ನೋಡಿ ತಗೊಳ್ಳೋಣ ಅಂದುಕೊಂಡೆ. ಜಾಣತನ ನೋಡಿ!

ಅಂಗಡಿ ಹೆಸರು ಹೇಳಲ್ಲ. ಬೆಂಗಳೂರಿನ ದಕ್ಷಿಣದ ಕಡೆ, ಜೋರಾಗಿ ಎಸಿ ಹಾಕಿಕೊಂಡು ಕೂತಿರುವ ದೊಡ್ಡ ಅಂಗಡಿ. ನಾನು ಒಳಗೆ ಹೋದವನೇ ಹೇಳಿದ್ದು ಇದು: "ನೋಡಪ್ಪಾ, ನನಗೆ ತಲೆ ಸುತ್ತು ಇದೆ. ಬಸ್ಸಲ್ಲಿ ಹಾಕ್ಕೊಳ್ಳೋಕೆ ಬೇಕು. ಕಿವಿ ಒತ್ತಬಾರದು." ಕೇಳಿದ್ದೇ ನಾನು, ಮೊದಲು ಹೇಳಿದ್ದೂ ನಾನು. ಇದನ್ನು ಆಮೇಲೆ ಅವರು ಇಲ್ಲ ಅಂದರು, ಅದಕ್ಕೇ ಎರಡು ಸಲ ಬರೆಯುತ್ತಿದ್ದೇನೆ.

ಹುಡುಗ ಒಂದು ಕ್ಷಣವೂ ಯೋಚಿಸಲಿಲ್ಲ. "ಸಾರ್, ತಲೆ ಸುತ್ತೋರಿಗೆ ಅಂತಲೇ ಇದು. ನಾಯ್ಸ್ ಕ್ಯಾನ್ಸಲಿಂಗ್. ಸೌಂಡ್ ಕಟ್ ಆದ್ರೆ ಟೆನ್ಶನ್ ಕಟ್, ಟೆನ್ಶನ್ ಕಟ್ ಆದ್ರೆ ತಲೆಸುತ್ತೂ ಕಟ್."

ನಾನು ನಂಬಿದೆ. ಈಗ ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಅಷ್ಟು ಚೆನ್ನಾಗಿ ಪ್ರಾಸ ಕೂಡಿಸಿ ಹೇಳಿದ, ನಂಬಿಬಿಟ್ಟೆ.

ಡೆಮೊ ಪೀಸ್ ತಂದು ತಲೆಗೆ ಹಾಕಿದ. ನಿಜ ಹೇಳಬೇಕು, ಹಾಯಾಗಿತ್ತು. ಹತ್ತಿಯ ದಿಂಬು ಇಟ್ಟ ಹಾಗೆ. ಹೊರಗಿನ ಮಾತು ಸ್ವಲ್ಪ ದೂರ ಹೋಯಿತು. "ನೋಡಿ ಸಾರ್, ಎಷ್ಟು ಸೈಲೆಂಟು!" ಅಂದ. ಹೌದಲ್ವಾ ಅಂದೆ. ಎರಡು ನಿಮಿಷ ಇರಬಹುದು, ಅಷ್ಟೇ. ಯುಪಿಐ ಮಾಡಿದೆ, ಬಿಲ್ ಕೊಟ್ಟರು. ಬಿಲ್ಲಿನ ಹಿಂದೆ ನೇರಳೆ ಇಂಕಿನ ಒಂದು ಸೀಲ್ ಇತ್ತು, ಅದನ್ನು ನಾನು ಓದಲಿಲ್ಲ.

ಶುಕ್ರವಾರ ರಾತ್ರಿ ಬಸ್. ನೆಲಮಂಗಲ ದಾಟಿದ ಮೇಲೆ ಹೊಸ ಹೆಡ್‌ಫೋನ್ ತೆಗೆದು ಹಾಕಿಕೊಂಡೆ. ಅಂಗಡಿಯಲ್ಲಿ ದಿಂಬಿನ ಹಾಗಿದ್ದದ್ದು ಇಲ್ಲಿ ಇಕ್ಕಳದ ಹಾಗಿತ್ತು. ನಾನು ಕನ್ನಡಕದವನು. ಕನ್ನಡಕದ ಕಡ್ಡಿ ಕಿವಿಯ ಮೇಲಿನ ಎಲುಬಿಗೆ ಒತ್ತುತ್ತಿತ್ತು. ಹೊಸದು, ಸಡಿಲ ಆಗುತ್ತದೆ ಅಂದುಕೊಂಡೆ. ಬಟನ್ ಒತ್ತಿದೆ. ಕಿವಿಯೊಳಗೆ ಒಂದು ಹೆಂಗಸಿನ ದನಿ ಇಂಗ್ಲಿಷಿನಲ್ಲಿ "ನಾಯ್ಸ್ ಕ್ಯಾನ್ಸಲಿಂಗ್ ಆನ್" ಅಂತು. ಈ ದನಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಸ್ಸಿನ ಇಂಜಿನ್ ಸದ್ದು ಥಟ್ಟನೆ ಮಾಯ. ಅದೇ ಕ್ಷಣಕ್ಕೆ ಎರಡೂ ಕಿವಿಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗಾಯಿತು. ಲಿಫ್ಟಿನಲ್ಲಿ ಹತ್ತನೇ ಮಹಡಿಯಿಂದ ಸರ್ರನೆ ಇಳಿದಾಗ ಕಿವಿ ಕಟ್ಟುತ್ತದಲ್ಲ, ಹಾಗೆ. ಉಗುಳು ನುಂಗಿದೆ, ಆಕಳಿಸಿದೆ, ದವಡೆ ಆಡಿಸಿದೆ. ಬಿಡಲಿಲ್ಲ. ಬಿಡುವುದೂ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಯಾಕೆಂದರೆ ಅಲ್ಲಿ ನಿಜವಾಗಿ ಗಾಳಿಯ ಒತ್ತಡ ಬದಲಾಗಿರುವುದೇ ಇಲ್ಲ. ಹೊರಗಿನ ಸದ್ದನ್ನು ಒಂದು ಮೈಕ್ ಕೇಳಿಸಿಕೊಂಡು, ಅದಕ್ಕೆ ಉಲ್ಟಾ ಇರುವ ಸದ್ದನ್ನು ಒಳಗೆ ಬಿಡುತ್ತದೆ, ಎರಡೂ ಹೊಡೆದುಹೋಗುತ್ತವೆ. ದಪ್ಪ ಗುಂಯ್ ಸದ್ದು ಹೀಗೆ ಏಕಾಏಕಿ ಕಾಣೆಯಾದರೆ, ಕಿವಿಗೆ ಒತ್ತಡ ಬಿದ್ದಿದೆ ಅಂತ ಮೆದುಳು ಲೆಕ್ಕ ಹಾಕುತ್ತದಂತೆ. ಎಲ್ಲರಿಗೂ ಹಾಗಾಗುವುದಿಲ್ಲ. ನನ್ನಂಥ ಕೆಲವರಿಗೆ ಆಗುತ್ತದೆ.

ತಮಾಷೆ ಏನೆಂದರೆ, ಈ ತಂತ್ರ ಚೆನ್ನಾಗಿ ಕೆಲಸ ಮಾಡುವುದು ಇಂಜಿನ್, ಎಸಿ, ವಿಮಾನದಂಥ ಒಂದೇ ಸಮನೆ ಬರುವ ದಪ್ಪ ಸದ್ದಿನ ಮೇಲೆ. ಮಾತು, ನಗು ಎಲ್ಲ ಅಷ್ಟಾಗಿ ಹೋಗುವುದಿಲ್ಲ. ಇಂಜಿನ್ ಹೋಯಿತು, ಹಿಂದಿನ ಸೀಟಿನ ರೀಲ್ಸ್ ಇನ್ನೂ ಸ್ಪಷ್ಟವಾಗಿ ಕೇಳಿಸಿತು.

ತೆಗೆದಿಡಬೇಕಿತ್ತು. ಏಳೂವರೆ ಸಾವಿರ ಅಲ್ವಾ, ತೆಗೆಯಲಿಲ್ಲ. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ತಿರುವು ಶುರುವಾಯಿತು. ಇದು ನನ್ನ ಸ್ವಂತ ಊಹೆ, ಡಾಕ್ಟರ್ ಹೇಳಿದ್ದಲ್ಲ: ಇಷ್ಟು ವರ್ಷ ಘಾಟಿಯಲ್ಲಿ ಡ್ರೈವರ್ ಗೇರ್ ಇಳಿಸುವ ಸದ್ದು ಕೇಳಿದ ಕೂಡಲೇ ನನ್ನ ಮೈ ತಿರುವಿಗೆ ತಯಾರಾಗುತ್ತಿತ್ತು. ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತಿತ್ತು. ಆ ಸದ್ದನ್ನೇ ದುಡ್ಡು ಕೊಟ್ಟು ತೆಗೆಸಿಹಾಕಿದ್ದೆ. ತಿರುವು ಹೇಳದೆ ಕೇಳದೆ ಬಂದು ಹೊಡೆಯಿತು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹೊಟ್ಟೆಯಿಂದ ಎದ್ದು ಬಂತು. ಕೈಗೆ ಸಿಕ್ಕಿದ ಕವರ್ ಹಿಡಿದೆ. ಅದೇ ಅಂಗಡಿಯ ಕವರ್. ಪಕ್ಕದ ಸಾಲಿನ ಅಜ್ಜಿ ಎಚ್ಚರಾಗಿ, "ತಲೆಯಿಂದ ಅದನ್ನು ತೆಗಿ ಮಾರಾಯ ಮೊದಲು" ಅಂತ ಗದರಿಸಿ, ಚೀಲದಿಂದ ನಿಂಬೆಹಣ್ಣು ತೆಗೆದು ಕೊಟ್ಟರು. ನಲವತ್ತಾರು ವರ್ಷದ ಗಂಡಸು ನಾನು. ಬೆಳಗಿನ ಜಾವ ಬಸ್ಸಿನ ಲೈಟ್ ಹಾಕಿಸಿ, ಕಂಡಕ್ಟರ್ ಹತ್ತಿರ ನೀರು ಇಸಿದುಕೊಂಡು ಬಾಯಿ ತೊಳೆದೆ. ರೀಲ್ಸ್‌ನವನು ಆಗ ಮಾತ್ರ ಮೊಬೈಲ್ ಆಫ್ ಮಾಡಿದ.

ಎರಡು ದಿನ ಗೋಡೆ ಹಿಡಿದು ಓಡಾಡಿದೆ. ಅಮ್ಮ ಮಾಡಿದ ನೀರುದೋಸೆ ನೋಡಿದರೂ ವಾಕರಿಕೆ.

ಮಂಗಳವಾರ ಅಂಗಡಿಗೆ ಹೋದೆ. ಅದೇ ಹುಡುಗ. ವಿಷಯ ಹೇಳಿದೆ. "ಅಭ್ಯಾಸ ಆಗುತ್ತೆ ಸಾರ್. ಹೊಸ ಕನ್ನಡಕ ಹಾಕಿದಾಗ ಆಗಲ್ವಾ, ಹಾಗೇ" ಅಂದ. ಆಮೇಲೆ "ವಾಲ್ಯೂಮ್ ಜಾಸ್ತಿ ಇಟ್ಟಿರ್ತೀರ" ಅಂದ. ನಾನು ಹಾಡೇ ಹಾಕಿರಲಿಲ್ಲ ಅಂದರೆ, "ಅದಕ್ಕೇ ಸಾರ್, ಹಾಡು ಹಾಕ್ಬೇಕಿತ್ತು" ಅಂದ! ಏನು ಹೇಳುತ್ತೀರಿ ಇಂಥವರಿಗೆ?

ಇಲ್ಲಿ ಹಾಕಿದಾಗ ಹೀಗೆ ಆಗಿರಲಿಲ್ಲವಲ್ಲ ಅಂತ ಡೆಮೊ ಪೀಸನ್ನು ನಾನೇ ಎತ್ತಿಕೊಂಡು ಹಾಕಿದೆ. ಅದೇ ದಿಂಬು. ಅದೇ ಹಾಯಿ. ಎಷ್ಟು ನೂರು ತಲೆಗೆ ಹಾಕಿ ತೆಗೆದಿದ್ದಾರೋ, ಪಟ್ಟಿ ಸಡಿಲವಾಗಿ ಜೋಲುತ್ತಿತ್ತು. ಅದು ಒಂದು. ಎರಡನೆಯದಕ್ಕೆ ನಾನು ತಯಾರಿರಲಿಲ್ಲ. ಸುಮ್ನೆ ಬೆರಳಾಡಿಸುತ್ತಾ ಬಟನ್ ಒತ್ತಿದೆ. ಆ ಹೆಂಗಸು ಮಾತಾಡಿದಳು. "ನಾಯ್ಸ್ ಕ್ಯಾನ್ಸಲಿಂಗ್ ಆನ್."

ಆನ್. ಅಂದರೆ ಅಲ್ಲಿಯವರೆಗೆ ಆಫ್ ಇತ್ತು. ಅಂದರೆ ಆವತ್ತೂ ಆಫ್ ಇತ್ತು. "ಎಷ್ಟು ಸೈಲೆಂಟು" ಅಂತ ನಾನು ತಲೆಯಾಡಿಸಿದ್ದು ಬರೀ ಸ್ಪಂಜಿಗೆ. ಎಸಿ ಸದ್ದು ಮಾಯವಾಯಿತು, ಹೆಬ್ಬೆರಳು ಬಂದು ಕಿವಿ ಒತ್ತಿತು. ಕೌಂಟರ್ ಹಿಡಿದುಕೊಂಡು ನಿಂತೆ. ತಲೆ ಸುತ್ತಿದ್ದು ಹೆಡ್‌ಫೋನಿಗೋ ಸಿಟ್ಟಿಗೋ ಗೊತ್ತಿಲ್ಲ.

ಇದು ಆಫ್ ಇತ್ತಲ್ಲೋ ಅಂದೆ. ಹುಡುಗ ತುಂಬಾ ಸಹಜವಾಗಿ ಹೇಳಿದ: "ಹೌದು ಸಾರ್, ಆನ್ ಇಟ್ರೆ ಕೆಲವು ಕಸ್ಟಮರ್‌ಗೆ ಕಿವಿ ಮುಚ್ಚಿದ ಹಾಗಾಗುತ್ತೆ. ಅದಕ್ಕೇ ಡೆಮೊಗೆ ಆಫ್ ಇಟ್ಟಿರ್ತೀವಿ."

ಇನ್ನೊಂದು ಸಲ ಓದಿ. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಆಫ್ ಇಟ್ಟಿದ್ದರು. ತಲೆ ಸುತ್ತು ಇದೆ ಅಂತ ಬಾಯಿಬಿಟ್ಟು ಹೇಳಿದವನಿಗೆ ಆಫ್ ಇಟ್ಟು ತೋರಿಸಿದರು.

ಓನರ್ ಬಂದರು. ಬಿಲ್ ತಿರುಗಿಸಿ ನೇರಳೆ ಸೀಲ್ ತೋರಿಸಿದರು. ಮಾರಿದ ಮಾಲು ವಾಪಸ್ ತಗೊಳ್ಳಲ್ಲ ಅಂತ. "ಪೀಸ್ ಪ್ರಾಬ್ಲಮ್ ಆದ್ರೆ ಸರ್ವಿಸ್ ಸೆಂಟರ್ ಇದೆ ಸಾರ್. ನಿಮಗೆ ಪ್ರಾಬ್ಲಮ್ ಆದ್ರೆ ಡಾಕ್ಟರ್ ಇದ್ದಾರೆ." ಪಕ್ಕದಲ್ಲಿದ್ದ ಗಿರಾಕಿ ನಕ್ಕ. ಬೇರೆ ಮಾಡೆಲ್ ಕೊಡಿ ಅಂದರೆ, "ಕಿವಿಗೆ ಹಾಕಿದ ಮಾಲು, ಹೈಜೀನ್ ಸಾರ್" ಅಂದರು. ಕೌಂಟರಿನ ಮೇಲೆ ನೂರಾರು ಜನರ ಕಿವಿ ಕಂಡ ಡೆಮೊ ಪೀಸ್ ಇದೆ, ಇವರು ಹೈಜೀನ್ ಮಾತಾಡುತ್ತಾರೆ! ಮನೆಗೆ ಬಂದು ವಾಟ್ಸಾಪಿನಲ್ಲಿ ಎಲ್ಲ ವಿವರವಾಗಿ ಬರೆದು ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರಕ್ಕೆ ಒಂದು ಹೆಬ್ಬೆರಳು ಕಳಿಸಿದರು. ಮತ್ತೆ ಹೆಬ್ಬೆರಳೇ!

ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ. ಆ ಕಡೆಯವರು ಮರ್ಯಾದೆಯಿಂದಲೇ ಮಾತಾಡಿದರು. ಮೊದಲ ಪ್ರಶ್ನೆ, ವಸ್ತುವಿನಲ್ಲಿ ದೋಷ ಇದೆಯಾ? ಇಲ್ಲ. ಅದೇ ತೊಡಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ, ನೇರಳೆ ಸೀಲ್ ಇದ್ದರೂ. ಆದರೆ ನನ್ನದರಲ್ಲಿ ದೋಷ ಇಲ್ಲ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹುಡುಗ ಸುಳ್ಳು ಭರವಸೆ ಕೊಟ್ಟ ಅನ್ನೋಣ ಅಂದರೆ ಬರಹದಲ್ಲಿ ಏನೂ ಇಲ್ಲ. "ತಲೆ ಸುತ್ತೋರಿಗೆ ಅಂತಲೇ" ಅಂದಿದ್ದು ಗಾಳಿಯಲ್ಲಿ ಹೋಯಿತು.

ಡಾಕ್ಟರ್‌ಗೂ ತೋರಿಸಿದೆ. ಇದರಿಂದಲೇ ತಲೆ ಸುತ್ತು ಬಂತು ಅಂತ ಹೇಳೋಕಾಗಲ್ಲ, ಘಾಟಿ ಇದೆ, ನಿದ್ದೆ ಇಲ್ಲ, ಹಳೇ ತೊಂದರೆ ಇದೆ, ಆದರೆ ಒಗ್ಗದೇ ಇರೋದನ್ನ ಯಾಕ್ರೀ ಹಾಕ್ಕೊಂಡು ಕೂತಿದ್ರಿ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮಗೂ ಇಂಥ ಕಾಟ ಇದ್ದರೆ, ಅಂಗಡಿಯಲ್ಲಿ ಆ ಬಟನ್ ನೀವೇ ಒತ್ತಿ, ಹೆಂಗಸು "ಆನ್" ಅಂದಿದ್ದು ಕೇಳಿಸಿಕೊಳ್ಳಿ. ಹದಿನೈದು ಇಪ್ಪತ್ತು ನಿಮಿಷ ಹಾಕಿಕೊಂಡೇ ಇರಿ, ಕನ್ನಡಕ ಇದ್ದರೆ ಕನ್ನಡಕದ ಜೊತೆ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಡೆಮೊ ಪೀಸಿನ ಬಿಗಿ ನೋಡಿ ಮೋಸ ಹೋಗಬೇಡಿ. ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಲು ಬರುತ್ತದಾ, ಹೊರಗಿನ ಸದ್ದು ಒಳಗೆ ಬಿಡುವ ಮೋಡ್ ಇದೆಯಾ ನೋಡಿ. ಒಗ್ಗದಿದ್ದರೆ ವಾಪಸ್ ತಗೊಳ್ತೀರಾ ಅಂತ ದುಡ್ಡು ಕೊಡುವ ಮುಂಚೆ ವಾಟ್ಸಾಪಿನಲ್ಲೇ ಕೇಳಿ. ಆಗ ಬರುವ ಹೆಬ್ಬೆರಳಿಗಾದರೂ ಬೆಲೆ ಇರುತ್ತದೆ.

ನಾನೀಗ ಮಗಳ ಹಳೇ ವೈರಿನ ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಹೋಗುತ್ತೇನೆ. ಇನ್ನೊಂದು ಕಿವಿಗೆ ಗೇರಿನ ಸದ್ದು ಬೇಕು. ಜೇಬಿನಲ್ಲಿ ನಿಂಬೆಹಣ್ಣು.

ಏಳೂವರೆ ಸಾವಿರದ್ದನ್ನು ಸೆಕೆಂಡ್ ಹ್ಯಾಂಡ್ ಮಾರೋಣ ಅಂತ ಮೊನ್ನೆ ಫೋಟೋ ಹಾಕಿದೆ. ಒಬ್ಬರು ನಾಲ್ಕು ಸಾವಿರಕ್ಕೆ ಒಪ್ಪಿದರು. "ಹೊಸದೇ ಇದೆಯಲ್ಲ ಸಾರ್, ಯಾಕೆ ಮಾರ್ತಿದ್ದೀರ?" ಅಂತ ಕೇಳಿದರು. ಕಿವಿ ಕಟ್ಟಿದ್ದು, ಘಾಟಿ, ಕವರ್, ಎಲ್ಲ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದೆ. ನಾಲ್ಕು ದಿನವಾಯಿತು, ಅವರ ಉತ್ತರ ಇನ್ನೂ ಬಂದಿಲ್ಲ.