ಊಟದ ಹೊತ್ತಿಗೆ ಯಾವ ಪಿಟೀಲು: ಗ್ಲೀಸನ್, ಮಾಂಟೊವಾನಿ, ಮೋರಿಯಾ

ಹಿಂದೆ ಮೆಲ್ಲಗೆ ಸಂಗೀತ ಹರಿಯುತ್ತಿರಬೇಕು, ಇಬ್ಬರ ಮಾತಿಗೆ ಅಡ್ಡ ಬರಬಾರದು. ರೊಮ್ಯಾಂಟಿಕ್ ಆರ್ಕೆಸ್ಟ್ರಾ ಆಲ್ಬಂಗಳಿಂದ ನಾನು ಬಯಸುವುದು ಇಷ್ಟೇ. ಆ ಲೆಕ್ಕದಲ್ಲಿ ಮೂರು ಹೆಸರಾಂತ ಆಲ್ಬಂಗಳನ್ನು ಈ ಮಳೆಗಾಲದಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದೆ. ಊಟದ ಹೊತ್ತಿಗೆ ಸಣ್ಣ ದನಿಯಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನಿನಲ್ಲಿ. ಜಾಕಿ ಗ್ಲೀಸನ್‌ನ 'ಮ್ಯೂಸಿಕ್ ಫಾರ್ ಲವರ್ಸ್ ಓನ್ಲಿ' (1952), ಮಾಂಟೊವಾನಿಯ 'ಫಿಲ್ಮ್ ಎನ್‌ಕೋರ್ಸ್' (1957), ಪಾಲ್ ಮೋರಿಯಾನ 'ಬ್ಲೂಮಿಂಗ್ ಹಿಟ್ಸ್' (1967).

ಗ್ಲೀಸನ್ ಅಮೆರಿಕದ ಟಿವಿ ಹಾಸ್ಯನಟ. ಸ್ವರಲಿಪಿ ಓದಲೂ ಬರುತ್ತಿರಲಿಲ್ಲ. ಸಿನಿಮಾದಲ್ಲಿ ಕ್ಲಾರ್ಕ್ ಗೇಬಲ್‌ನಂಥವನು ಪ್ರೇಮದ ಮಾತಾಡುವಾಗಲೂ ಹಿಂದೆ ಸಂಗೀತ ಬೇಕು ಅಂದಮೇಲೆ ಬ್ರೂಕ್ಲಿನ್ನಿನ ಬಡಪಾಯಿಗೆ ಬೇಡವೇ ಎಂಬುದು ಅವನ ತರ್ಕ. ಆ ತರ್ಕ ಗೆದ್ದಿತು: ಆಲ್ಬಂ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಂಗಳ ಪಟ್ಟಿಯ ಮೊದಲ ಹತ್ತರೊಳಗೆ 153 ವಾರ ಕೂತಿತ್ತು. ಕೇಳಿದರೆ ಕಾರಣ ಗೊತ್ತಾಗುತ್ತದೆ. ಪಿಟೀಲುಗಳು ತಗ್ಗಿನಲ್ಲೇ ಇರುತ್ತವೆ, ಮೇಲೆ ಬಾಬಿ ಹ್ಯಾಕೆಟ್‌ನ ಟ್ರಂಪೆಟ್ ಒಂಟಿಯಾಗಿ ಬರುತ್ತದೆ. 'ಮೈ ಫನ್ನಿ ವ್ಯಾಲೆಂಟೈನ್'ನಲ್ಲಿ ಅವನು ಒಂದು ಸಾಲು ನುಡಿಸಿ ಉಸಿರು ಬಿಡುತ್ತಾನೆ, ಅವಸರವೇ ಇಲ್ಲ. ಆ ಬಿಡುವಿನಲ್ಲಿ 'ಇನ್ನೊಂದು ಸೌಟು ಸಾರು ಹಾಕ್ಲಾ' ಅಂತ ಕೇಳಬಹುದು, ಉತ್ತರವನ್ನೂ ಕೇಳಿಸಿಕೊಳ್ಳಬಹುದು. ತಕರಾರೂ ಇದೆ. ಎಲ್ಲ ಹಾಡುಗಳದ್ದೂ ಒಂದೇ ನಡಿಗೆ. ಹೆಡ್‌ಫೋನ್ ಹಾಕಿ ಗಮನವಿಟ್ಟು ಕೂತರೆ ಅರ್ಧ ದಾಟುವಷ್ಟರಲ್ಲಿ ತೂಕಡಿಕೆ.

ಮಾಂಟೊವಾನಿ ಇದಕ್ಕೆ ಪೂರಾ ತದ್ವಿರುದ್ಧ. ಈ ಆರ್ಕೆಸ್ಟ್ರಾ ನಾಯಕ ಹುಟ್ಟಿದ್ದು ವೆನಿಸ್‌ನಲ್ಲಿ, ಹೆಸರು ಮಾಡಿದ್ದು ಇಂಗ್ಲೆಂಡಿನಲ್ಲಿ. 1951ರ 'ಶಾರ್ಮೇನ್'ನಿಂದ ಲೋಕಪ್ರಸಿದ್ಧವಾದ ಅವನ ಪಿಟೀಲುಗಳ ಜಲಪಾತ ನಿಜಕ್ಕೂ ರೊನಾಲ್ಡ್ ಬಿಂಜ್ ಎಂಬ ಸಂಯೋಜಕನ ಕೈಚಳಕ. ಪಿಟೀಲಿನವರನ್ನು ಗುಂಪುಗಳಾಗಿ ಒಡೆಯುವುದು. ಒಂದು ಗುಂಪು 'ಸ' ನುಡಿಸಿ ಹಾಗೇ ಹಿಡಿದಿರುತ್ತದೆ, ಇನ್ನೊಂದು 'ರಿ' ಹಿಡಿಯುತ್ತದೆ, ಮತ್ತೊಂದು 'ಗ'. ಧಾಟಿ ಮುಂದೆ ಸಾಗಿದರೂ ಹಿಂದಿನ ಸ್ವರ ಅಳಿಯುವುದಿಲ್ಲ, ಒಂದರ ಮೇಲೊಂದು ಬಿದ್ದು ದೊಡ್ಡ ಇಗರ್ಜಿಯೊಳಗಿನ ಮಾರ್ದನಿ ಹುಟ್ಟುತ್ತದೆ. ಯಂತ್ರದ ಸಹಾಯವಿಲ್ಲದೆ, ಬರವಣಿಗೆಯಿಂದಲೇ ಪ್ರತಿಧ್ವನಿ! ರಾತ್ರಿ ಹೆಡ್‌ಫೋನಿನಲ್ಲಿ ಕೇಳಿದಾಗ ಈ ಮೂರರಲ್ಲಿ ನನಗೆ ಮೈ ಜುಮ್ಮೆನಿಸಿದ್ದು ಇದೊಂದೇ. ಊಟದ ಹೊತ್ತಿಗೆ ಮಾತ್ರ ಆಗಿಬರಲಿಲ್ಲ. 'ಓವರ್ ದ ರೇನ್‌ಬೋ', 'ಲಾರಾ', 'ಅನ್‌ಚೇನ್ಡ್ ಮೆಲಡಿ' ಅಂತ ಸಾಲಾಗಿ ಸಿನಿಮಾ ಹಾಡುಗಳು. ಜಾಮೂನು ತಟ್ಟೆಯಲ್ಲಿ ಇನ್ನೂ ಎರಡಿರುವಾಗಲೇ ಮತ್ತೆರಡು ಬಡಿಸಿದ ಹಾಗೆ. ಸಣ್ಣ ದನಿಯಲ್ಲಿಟ್ಟರೆ ಆ ಪದರಗಳೆಲ್ಲ ಕಲಸಿಹೋಗುತ್ತವೆ, ಜೋರು ಮಾಡಿದರೆ ಮಾತು ಮುಳುಗುತ್ತದೆ. ನನ್ನ ಹೆಂಡತಿ ಎರಡನೇ ಹಾಡಿಗೇ 'ಇದೇನ್ರೀ, ಸಿನಿಮಾ ಮುಗಿದು ಹೆಸರು ಬರ್ತಾ ಇದೆಯಾ' ಅಂದಳು.

ಫ್ರಾನ್ಸಿನ ಆರ್ಕೆಸ್ಟ್ರಾ ನಾಯಕ ಮೋರಿಯಾನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, 'ಲವ್ ಈಸ್ ಬ್ಲೂ' ಧಾಟಿಯನ್ನು ಎಲ್ಲೋ ಒಂದು ಕಡೆ ಕೇಳಿಯೇ ಇರುತ್ತೀರಿ. 1967ರಲ್ಲಿ ಯುರೋಪಿನ ದೇಶಗಳ ನಡುವೆ ನಡೆದ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಲಕ್ಸೆಂಬರ್ಗ್ ಪರವಾಗಿ ಹಾಡಿ ನಾಲ್ಕನೇ ಸ್ಥಾನಕ್ಕೆ ನಿಂತ ಹಾಡು. ಮೋರಿಯಾನ ಕೈಗೆ ಬಂದು, ಹಾಡುವ ದನಿಯಿಲ್ಲದೆ ಬರೀ ವಾದ್ಯಗಳಲ್ಲಿ, 1968ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಮಜಾ ಅಂದರೆ 1967ರ ಆ ಸ್ಪರ್ಧೆಯಲ್ಲಿ ಗೆದ್ದ 'ಪಪೆಟ್ ಆನ್ ಎ ಸ್ಟ್ರಿಂಗ್' ಕೂಡ ಇದೇ ಆಲ್ಬಂನಲ್ಲಿದೆ, ಅದನ್ನು ಯಾರೂ ನೆನೆಯುವುದಿಲ್ಲ. ಪಿಯಾನೋದಂಥ ಹಳೆಯ ವಾದ್ಯ ಹಾರ್ಪ್ಸಿಕಾರ್ಡ್‌ನ ಕಿಣಿಕಿಣಿ, ಕೆಳಗೆ ಡ್ರಮ್ಮಿನ ಪೆಟ್ಟು: ಕಾಲು ತಾನಾಗಿ ತಾಳ ಹಾಕುತ್ತದೆ. ಪಾತ್ರೆ ತೊಳೆಯುವಾಗ, ಕಾರು ಓಡಿಸುವಾಗ ಸೊಗಸು. ಪ್ರಣಯಕ್ಕೆ ಇಷ್ಟು ಚುರುಕು ಬೇಡ ಅನ್ನಿಸಿತು. ಬೀಟಲ್ಸ್ ತಂಡದ 'ಪೆನ್ನಿ ಲೇನ್' ಅಂತೂ ಅಲ್ಲಿ ಯಾಕಿದೆಯೋ.

ಊಟದ ಮೇಜಿಗೆ ಗ್ಲೀಸನ್, ಅದರಲ್ಲಿ ನನಗೆ ಅನುಮಾನವಿಲ್ಲ. ಕೊಳ್ಳುವವರಿಗೆ ಒಂದು ಮಾತು: ಅದು ಮೊದಲು ಬಂದದ್ದು 10 ಇಂಚಿನ ಪುಟ್ಟ ಗ್ರಾಮಫೋನ್ ತಟ್ಟೆಯಾಗಿ, ಆಮೇಲೆ ಹಾಡುಗಳನ್ನು ಸೇರಿಸಿ 12 ಇಂಚಿಗೆ ಹಿಗ್ಗಿಸಿದರು. ದೊಡ್ಡದೇ ಸಿಕ್ಕರೂ ಒಂದು ಬದಿ ಮುಗಿದ ಮೇಲೆ ನಿಲ್ಲಿಸಿಬಿಡಿ, ಅಷ್ಟರಲ್ಲಿ ಮಜ್ಜಿಗೆ ಅನ್ನಕ್ಕೆ ಬಂದಿರುತ್ತೀರಿ.