ಆನ್‌ಲೈನ್ ಕನ್ನಡ ಪಾಠಕ್ಕೆ ತಂತಿಯ ಯುಎಸ್‌ಬಿ ಹೆಡ್‌ಸೆಟ್: ಬಹುಕಾಲ ಬಳಸಿದವಳ ವಿಮರ್ಶೆ

ಉಡುಪಿಯ ನಮ್ಮ ಮನೆಯಿಂದ ನಾನು ಅಮೆರಿಕ, ಜರ್ಮನಿಗಳಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಜೂಮ್‌ನಲ್ಲಿ ಕನ್ನಡ ಓದು ಬರಹ ಕಲಿಸುತ್ತೇನೆ. ಇದಕ್ಕಾಗಿ ಕೆಲವು ವರ್ಷಗಳಿಂದ ಬಳಸುತ್ತಿರುವುದು ಕಚೇರಿ ಕೆಲಸಕ್ಕೆಂದು ಮಾರಾಟವಾಗುವ, ತಂತಿಯುಳ್ಳ, ಕಿವಿಯ ಮೇಲೆ ಕೂರುವ, ಬಾಯಿಯ ಬಳಿಗೆ ಬಾಗುವ ಕಡ್ಡಿಮೈಕ್ ಇರುವ ಒಂದು ಯುಎಸ್‌ಬಿ ಹೆಡ್‌ಸೆಟ್. ಲಾಜಿಟೆಕ್, ಜಾಬ್ರಾ, ಪಾಲಿ ಮೊದಲಾದ ಹಲವು ಕಂಪನಿಗಳು ಈ ಬಗೆಯದನ್ನು ತಯಾರಿಸುತ್ತವೆ. ಬೆಲೆ ಸುಮಾರಾಗಿ ಎರಡರಿಂದ ನಾಲ್ಕು ಸಾವಿರ ರೂಪಾಯಿಯ ಒಳಗಿರುತ್ತದೆ. ನನ್ನದು ಯಾವ ಕಂಪನಿಯ ಯಾವ ಮಾದರಿ ಎಂಬುದನ್ನು ಇಲ್ಲಿ ಬರೆಯುತ್ತಿಲ್ಲ. ಮಾದರಿಗಳ ಹೆಸರು ಆಗಾಗ ಬದಲಾಗುತ್ತಿರುತ್ತದೆ, ಆದರೆ ಈ ಬಗೆಯ ಹೆಡ್‌ಸೆಟ್‌ನ ಒಳ್ಳೆಯ ಗುಣಗಳೂ ಕೊರತೆಗಳೂ ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ.

ಹೆಡ್‌ಸೆಟ್‌ಗಳ ವಿಮರ್ಶೆಗಳಲ್ಲಿ ಹೆಚ್ಚಿನವು ಹಾಕಿಕೊಂಡವರಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನೇ ವಿವರಿಸುತ್ತವೆ. ಪಾಠ ಹೇಳುವವರಿಗೆ ಮುಖ್ಯವಾದದ್ದು ಆಚೆ ತುದಿಯಲ್ಲಿರುವ ಮಗುವಿಗೆ ಏನು ಕೇಳಿಸುತ್ತದೆ ಎಂಬುದು, ಮತ್ತು ಕನ್ನಡ ಕಲಿಸುವಾಗ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ‘ಸರ’ ಎಂದದ್ದು ‘ಶರ’ ಎಂದು, ‘ಭಾರಿ’ ಎಂದದ್ದು ‘ಬಾರಿ’ ಎಂದು ಕೇಳಿಸಿದರೆ ಮಗು ಹಾಗೆಯೇ ಬರೆಯುತ್ತದೆ. ತಪ್ಪು ಮಗುವಿನದಲ್ಲ, ಮೈಕಿನದು. ಸಕಾರದ ಧ್ವನಿಶಕ್ತಿಯ ಬಹುಪಾಲು 4000 ಹರ್ಟ್ಸ್‌ಗಿಂತ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನಗಳು ಎಂಬ ಲೆಕ್ಕ) ಮೇಲಿರುತ್ತದೆ, ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಹಳೆಯ ಟೆಲಿಫೋನ್ ಜಾಲವಾದರೋ 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿದ್ದುದರಿಂದ, ಫೋನಿನಲ್ಲಿ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳಬೇಕಾಗುತ್ತಿತ್ತು. ಲಕಾರ–ಳಕಾರ, ನಕಾರ–ಣಕಾರಗಳ ವ್ಯತ್ಯಾಸ ಮಾತ್ರ ಇಂಥ ಕಿರಿದಾದ ಹಾದಿಯಲ್ಲೂ ಸಾಕಷ್ಟು ಉಳಿದುಕೊಳ್ಳುತ್ತದೆ, ಏಕೆಂದರೆ ಅದರ ಗುರುತು ಬಹುಮಟ್ಟಿಗೆ 3000 ಹರ್ಟ್ಸ್‌ನ ಒಳಗೇ ಇದೆ. ಶಕಾರ ಷಕಾರಗಳ ಮಾತು ಬೇರೆ. ಅವನ್ನು ನಮ್ಮಲ್ಲೇ ಎಷ್ಟೋ ಜನ ಒಂದೇ ರೀತಿ ಉಚ್ಚರಿಸುವುದರಿಂದ ಅದಕ್ಕೆ ಮೈಕನ್ನು ದೂರುವಂತಿಲ್ಲ.

ನನ್ನ ಹೆಡ್‌ಸೆಟ್‌ನ ಪೆಟ್ಟಿಗೆಯ ಮೇಲೆ ಮೈಕಿನ ಶ್ರೇಣಿ 100ರಿಂದ 10,000 ಹರ್ಟ್ಸ್ ಎಂದು ಮುದ್ರಿಸಲಾಗಿದೆ. ಆ ಅಂಕಿಗಳನ್ನು ನಾನು ಪೂರ್ತಿ ನಂಬುವವಳಲ್ಲ, ಏಕೆಂದರೆ ಆ ಶ್ರೇಣಿಯೊಳಗೆ ಧ್ವನಿ ಎಷ್ಟು ಏರುಪೇರಾಗುತ್ತದೆ ಎಂಬುದನ್ನು ಪೆಟ್ಟಿಗೆ ಹೇಳುವುದಿಲ್ಲ. ಆದರೆ ರೆಕಾರ್ಡ್ ಮಾಡಿ ಕೇಳಿದಾಗ ಸಕಾರ ಸಕಾರವಾಗಿಯೇ, ಸಿಳ್ಳೆಯಂತೆ ಚುಚ್ಚದೆ ಕೇಳಿಸುತ್ತದೆ, ಮತ್ತು ಉಕ್ತಲೇಖನದಲ್ಲಿ ಮಕ್ಕಳು ‘ಮತ್ತೊಮ್ಮೆ ಹೇಳಿ’ ಎನ್ನುವುದು ವಿರಳ. ಹೊಸ ಹೆಡ್‌ಸೆಟ್ ಕೊಳ್ಳುವವರು ಮರಳಿಸುವ ಅವಧಿ ಮುಗಿಯುವುದರೊಳಗೆ, ಒಂದು ಪುಟವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಕೊಂಡು, ಅದನ್ನು ಬೇರೊಂದು ಸಾಧನದಲ್ಲಿ ಕೇಳಿ ನೋಡಬೇಕು. ಅಂಗಡಿಯಲ್ಲಿ ಹಾಡೊಂದನ್ನು ಹಾಕಿ ಕೇಳಿಸುವ ಪರೀಕ್ಷೆಯಿಂದ ಮೈಕಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಬ್ಲೂಟೂತ್ ಏಕೆ ಬೇಡ ಎಂದು ಹಲವರು ಕೇಳಿದ್ದಾರೆ. ಮನೆಯಲ್ಲಿ ಬ್ಲೂಟೂತ್ ಇಯರ್‌ಬಡ್ ಇದೆ, ಹಾಡು ಕೇಳಲು ಸೊಗಸಾಗಿಯೂ ಇದೆ. ಆದರೆ ಸಾಂಪ್ರದಾಯಿಕ ಬ್ಲೂಟೂತ್‌ನಲ್ಲಿ ಹಾಡಿಗೊಂದು ಹಾದಿ, ಮಾತುಕತೆಗೊಂದು ಹಾದಿ. ಕಂಪ್ಯೂಟರಿನಲ್ಲಿ ಮೈಕನ್ನು ಬಳಸತೊಡಗಿದ ಕೂಡಲೇ ಸಂಪರ್ಕವು ಎ2ಡಿಪಿ ಎಂಬ ಉತ್ತಮ ಗುಣಮಟ್ಟದ ಹಾದಿಯಿಂದ ಹ್ಯಾಂಡ್ಸ್‌ಫ್ರೀ ಎಂಬ ಕರೆಗಳ ಹಾದಿಗೆ ಹೊರಳುತ್ತದೆ, ಆಗ ಕೇಳುವ ಧ್ವನಿಯೂ ಕಳುಹಿಸುವ ಧ್ವನಿಯೂ ಒಟ್ಟಿಗೇ ಕುಗ್ಗುತ್ತವೆ. ಈ ಹಾದಿಯ ಹಳೆಯ ವಿಧಾನವು ಸೆಕೆಂಡಿಗೆ ಧ್ವನಿಯ 8000 ಮಾದರಿಗಳನ್ನು (ಸ್ಯಾಂಪಲ್) ತೆಗೆದುಕೊಳ್ಳುವುದರಿಂದ ಅದರ ಅರ್ಧವಾದ 4000 ಹರ್ಟ್ಸ್‌ಗಿಂತ ಮೇಲಿನದನ್ನು ಅದು ಸಾಗಿಸಲಾರದು, ಅಂದರೆ ಸಕಾರದ ಮುಖ್ಯ ಭಾಗವೇ ಹೊರಗುಳಿಯಿತು. ಎಂಎಸ್‌ಬಿಸಿ ಎಂಬ ನಂತರದ ವಿಧಾನದಲ್ಲಿ ಮಾದರಿಗಳು 16,000ಕ್ಕೆ ಏರಿ ಪರಿಸ್ಥಿತಿ ಎಷ್ಟೋ ಸುಧಾರಿಸುತ್ತದೆ. ಎಲ್‌ಇ ಆಡಿಯೊ ಎಂಬ ಹೊಸ ವ್ಯವಸ್ಥೆ ಇದಕ್ಕಿಂತಲೂ ಮೇಲು. ಆದರೆ ಅದರ ಪ್ರಯೋಜನ ಸಿಗಬೇಕಾದರೆ ಹೆಡ್‌ಸೆಟ್ ಮತ್ತು ಕಂಪ್ಯೂಟರ್ ಎರಡೂ ಅದನ್ನು ಬಲ್ಲವಾಗಿರಬೇಕು, ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್‌ನಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಪಾಠದ ನಡುವೆ ಚಾರ್ಜ್ ಮುಗಿಯುವ ಚಿಂತೆ ಇಲ್ಲದಿರುವುದು ತಂತಿಯ ಇನ್ನೊಂದು ಅನುಕೂಲ.

ತಂತಿಯಲ್ಲಿಯೂ 3.5 ಎಂಎಂ ಪಿನ್ನಿನದ್ದು, ಯುಎಸ್‌ಬಿಯದ್ದು ಎಂದು ಎರಡು ಬಗೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಹಸಿರು ಮತ್ತು ಗುಲಾಬಿ ಬಣ್ಣದ ಎರಡು ರಂಧ್ರಗಳಿದ್ದರೆ, ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕು ಪಟ್ಟಿಯ ಪಿನ್ ಕೂರುವ ಒಂದೇ ರಂಧ್ರವಿರುತ್ತದೆ. ಒಂದರದ್ದು ಇನ್ನೊಂದಕ್ಕೆ ಹೊಂದಲು ಕವಲು ತಂತಿ ಬೇಕು. ಅದಕ್ಕಿಂತ ದೊಡ್ಡ ತೊಡಕು ಗುಂಯ್‌ಗುಡುವ ಸದ್ದಿನದು. ಪಿನ್ನಿನ ಹೆಡ್‌ಸೆಟ್‌ಗಳಲ್ಲಿ ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಕೆಲಸ ಕಂಪ್ಯೂಟರಿನ ಒಳಗೆ, ಉಳಿದೆಲ್ಲ ವಿದ್ಯುತ್ ಗದ್ದಲದ ನಡುವೆ ನಡೆಯುತ್ತದೆ, ಮತ್ತು ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಸಿಕ್ಕಿಸಿದೊಡನೆ ಮೈಕಿನಲ್ಲಿ ಗುಂಯ್ ಎನ್ನುವುದು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಸಾಮಾನ್ಯ. ಯುಎಸ್‌ಬಿ ಹೆಡ್‌ಸೆಟ್ ಆ ಪರಿವರ್ತನೆಯನ್ನು ತನ್ನದೇ ಪುಟ್ಟ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಮಾಡಿಕೊಳ್ಳುವುದರಿಂದ ಈ ಕಾಟ ಬಹಳ ಕಡಿಮೆ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ನಾನು ಯಾವ ಡ್ರೈವರ್ ತಂತ್ರಾಂಶವನ್ನೂ ಹಾಕದೆ ಬಳಸಿದ್ದೇನೆ, ಸಿಕ್ಕಿಸಿದರೆ ಸಾಕು.

ಮೈಕ್ ಎಷ್ಟೇ ಒಳ್ಳೆಯದಾದರೂ ಅದನ್ನಿಡುವ ಜಾಗ ಸರಿಯಿಲ್ಲದಿದ್ದರೆ ಮಹಾಪ್ರಾಣಗಳು ಕೆಡುತ್ತವೆ. ಖ, ಘ, ಫ, ಭಗಳನ್ನು ಉಚ್ಚರಿಸುವಾಗ ಹೊರಡುವ ಉಸಿರು ಮೈಕಿಗೆ ನೇರವಾಗಿ ಬಡಿದರೆ ಆಚೆ ಕಡೆ ದಬ್ ಎಂಬ ಸದ್ದಷ್ಟೇ ಕೇಳಿಸುತ್ತದೆ. ಆದ್ದರಿಂದ ಕಡ್ಡಿಯನ್ನು ಬಾಯಿಯ ಎದುರಿಗಲ್ಲದೆ ತುಟಿಯ ಅಂಚಿನ ಪಕ್ಕಕ್ಕೆ, ಎರಡು ಬೆರಳಿನಷ್ಟು ದೂರದಲ್ಲಿ, ಗಲ್ಲದ ಕಡೆಗೆ ತುಸು ತಗ್ಗಿಸಿ ಇಡುತ್ತೇನೆ. ಕಡ್ಡಿ ಬಾಗುವಂತಿದ್ದು, ಬಾಗಿಸಿದಲ್ಲೇ ನಿಲ್ಲುವಂತಿರಬೇಕು ಎಂಬುದು ಕೊಳ್ಳುವಾಗ ನೋಡಲೇಬೇಕಾದ ಅಂಶ. ನನ್ನದು ಈಗಲೂ ಬಿಗಿಯಾಗಿ ನಿಲ್ಲುತ್ತದೆ. ಮೈಕಿನ ತುದಿಗೆ ಸ್ಪಂಜಿನ ಟೊಪ್ಪಿ ಜೊತೆಗೆ ಬಂದಿರಲಿಲ್ಲ, ಕೆಲವೇ ರೂಪಾಯಿಗೆ ಸಿಗುವ ಅದನ್ನು ಬೇರೆಯಾಗಿ ತರಿಸಿ ಹಾಕಿದ ಮೇಲೆ ಉಸಿರಿನ ಸದ್ದು ಬಹುತೇಕ ಹೋಯಿತು.

ಪೆಟ್ಟಿಗೆಯ ಮೇಲೆ ‘ನಾಯ್ಸ್ ಕ್ಯಾನ್ಸಲಿಂಗ್ ಮೈಕ್’ ಎಂದು ಬರೆದಿರುವುದಕ್ಕೆ ಇಂಥ ಹೆಡ್‌ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವ ಅರ್ಥ ಇಷ್ಟೇ: ಮೈಕ್ ಹತ್ತಿರದ ಸದ್ದನ್ನು ಹೆಚ್ಚಾಗಿಯೂ ದೂರದ್ದನ್ನು ಕಡಿಮೆಯಾಗಿಯೂ ಹಿಡಿಯುತ್ತದೆ. ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಬೇಸಿಗೆಯ ತಿಂಗಳುಗಳಲ್ಲಿ ಸಂಜೆ ಆರಾದಾಗ ನಮ್ಮಲ್ಲಿ ಮರುದಿನದ ಬೆಳಗಿನ ಆರೂವರೆ. ಆ ಹೊತ್ತಿಗೆ ಸರಿಯಾಗಿ ಹತ್ತಿರದ ದೇವಸ್ಥಾನದ ಧ್ವನಿವರ್ಧಕ, ಅಡುಗೆಮನೆಯ ಮಿಕ್ಸಿ, ಪಕ್ಕದ ಮನೆಯ ಕೋಳಿ ಮೂರೂ ಸೇರಿ ಪಾಠಕ್ಕೆ ಹಾಜರಾಗುತ್ತವೆ. ಧ್ವನಿವರ್ಧಕ ಮತ್ತು ಕೋಳಿಯ ಸದ್ದು ಆಚೆ ಕಡೆಗೆ ತೀರಾ ಕ್ಷೀಣವಾಗಿ ತಲುಪುತ್ತದೆ. ಮಿಕ್ಸಿಯನ್ನು ಮಾತ್ರ ಈ ಮೈಕ್ ಒಂದೇ ತಡೆಯಲಾರದು. ಶೀಟಿನ ಮಾಡಿನ ಮೇಲೆ ಆಟಿ ತಿಂಗಳ ಮಳೆ ಸುರಿಯುವಾಗಲೂ ಅಷ್ಟೇ.

ಅಂಥ ವೇಳೆಯಲ್ಲಿ ಜೂಮ್‌ನ ಹಿನ್ನೆಲೆ ಸದ್ದು ತಡೆಯುವ ಆಯ್ಕೆಯನ್ನು ಮೇಲಿನ ಹಂತಕ್ಕೆ ಏರಿಸುತ್ತೇನೆ, ಉಳಿದಂತೆ ಅದನ್ನು ಕೆಳಗಿನ ಹಂತದಲ್ಲೇ ಇಟ್ಟಿರುತ್ತೇನೆ. ತಂತ್ರಾಂಶವು ಮಾತಲ್ಲದ್ದನ್ನೆಲ್ಲ ಗದ್ದಲವೆಂದು ಬಗೆದು ಅಳಿಸುತ್ತದೆ, ಅಳಿಸುವ ಭರದಲ್ಲಿ ಪದದ ಕೊನೆಯ ಮೆಲುಧ್ವನಿಯನ್ನೂ ನುಂಗುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಇರುವುದೇ ಪದದ ಕೊನೆಯಲ್ಲಿ. ಸಂಗೀತ ಕಲಿಸುವವರಿಗೆ ಇದು ಇನ್ನೂ ದೊಡ್ಡ ತಲೆನೋವು, ಏಕೆಂದರೆ ಒಂದೇ ಸಮನೆ ಮಿಡಿಯುವ ತಂಬೂರಿಯ ನಾದವನ್ನು ಈ ತಂತ್ರಾಂಶಗಳು ಫ್ಯಾನಿನ ಸದ್ದೆಂದೇ ಭಾವಿಸಿ ತೆಗೆದುಹಾಕುತ್ತವೆ. ಮೈಸೂರಿನಲ್ಲಿ ಕುಳಿತು ಹೊರದೇಶದ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವ ನನ್ನ ಗೆಳತಿ ಜೂಮ್‌ನ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ತೆರೆದಿಟ್ಟೇ ಪಾಠ ಮಾಡುತ್ತಾಳೆ. ಹಾಡಿನ ಪಾಠಕ್ಕೆ ಈ ಬಗೆಯ ಹೆಡ್‌ಸೆಟ್‌ನ ಕಡ್ಡಿಮೈಕ್ ಸಾಲದು, ಬೇರೆಯದೇ ಯುಎಸ್‌ಬಿ ಮೈಕ್ ಮತ್ತು ಸಾದಾ ಹೆಡ್‌ಫೋನ್ ಇಟ್ಟುಕೊಳ್ಳುವುದು ಮೇಲು ಎಂಬ ಅವಳ ಮಾತನ್ನು ನಾನೂ ಒಪ್ಪುತ್ತೇನೆ.

ಇನ್ನು ಹಾಕಿಕೊಳ್ಳುವ ಹಿತದ ವಿಚಾರ. ಹೆಡ್‌ಸೆಟ್‌ಗಳನ್ನು ರೂಪಿಸುವವರ ಕಣ್ಣ ಮುಂದೆ ಓಲೆ ತೊಟ್ಟ, ಕನ್ನಡಕ ಹಾಕಿದ, ತಲೆಗೆ ಎಣ್ಣೆ ಹಚ್ಚಿ ತುರುಬು ಕಟ್ಟಿದ ಹೆಂಗಸು ಇದ್ದಂತೆ ತೋರುವುದಿಲ್ಲ. ಕಿವಿಯ ಮೇಲೆ ಕೂರುವ ಮೆತ್ತೆ ಕಿವಿಯ ಹಾಲೆಯನ್ನು ಒತ್ತುತ್ತದೆ, ಆ ಒತ್ತಡದಲ್ಲಿ ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚತೊಡಗುತ್ತದೆ, ಮೊದಲ ತರಗತಿ ಮುಗಿಯುವಷ್ಟರಲ್ಲಿ ಗೊತ್ತಾಗದ ಆ ನೋವು ಎರಡನೆಯದರ ನಡುವೆ ಸ್ಪಷ್ಟವಾಗುತ್ತದೆ. ಕನ್ನಡಕದ ಕಡ್ಡಿ ಕಿವಿಯ ಮೇಲ್ಭಾಗ ಮತ್ತು ಮೆತ್ತೆಯ ನಡುವೆ ಸಿಕ್ಕಿಕೊಳ್ಳುವುದು ಇನ್ನೊಂದು ಕಿರಿಕಿರಿ. ಕಿವಿಯನ್ನು ಪೂರ್ತಿ ಸುತ್ತುವರಿಯುವ ದೊಡ್ಡ ಬಟ್ಟಲಿನ ಹೆಡ್‌ಸೆಟ್‌ನಲ್ಲಿ ಓಲೆಯ ತೊಂದರೆ ಇರುವುದಿಲ್ಲ, ಆದರೆ ಅವು ಸಾಮಾನ್ಯವಾಗಿ ಇನ್ನೂ ಭಾರ, ಮತ್ತು ಕರಾವಳಿಯ ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಕಿವಿಯ ಸುತ್ತ ಬೆವರು ಇಳಿಯುತ್ತದೆ. ಎರಡನ್ನೂ ತೂಗಿ ನೋಡಿ ನಾನು ಹಗುರವಾದದ್ದನ್ನೇ ಉಳಿಸಿಕೊಂಡೆ, ಪಾಠದ ದಿನಗಳಲ್ಲಿ ಚಪ್ಪಟೆ ತಿರುಪಿನ ಸಣ್ಣ ಓಲೆಯನ್ನು ಹಾಕಿಕೊಳ್ಳುತ್ತೇನೆ. ಹೊಸದರಲ್ಲಿ ತಲೆಪಟ್ಟಿಯ ಬಿಗಿ ಹೆಚ್ಚಾಗಿತ್ತು. ರಾತ್ರಿಯ ಹೊತ್ತು ತಲೆಯ ಅಗಲಕ್ಕಿಂತ ತುಸು ಹೆಚ್ಚೆನಿಸುವ ಪುಸ್ತಕಗಳ ಕಟ್ಟಿಗೆ ಅದನ್ನು ಹಿಗ್ಗಿಸಿ ಇಟ್ಟದ್ದರಿಂದ ಕೆಲವೇ ದಿನಗಳಲ್ಲಿ ಹದಕ್ಕೆ ಬಂತು. ಪ್ಲಾಸ್ಟಿಕ್ ಪಟ್ಟಿಯವುಗಳಿಗೆ ಈ ಉಪಾಯ ಮಾಡಬಾರದು, ಒಳಗೆ ಉಕ್ಕಿನ ಪಟ್ಟಿ ಇದ್ದರೆ ಮಾತ್ರ ಸರಿ.

ಮೆತ್ತೆಗಳು ಈ ಹೆಡ್‌ಸೆಟ್‌ನ ದುರ್ಬಲ ಭಾಗ. ಚರ್ಮದಂತೆ ಕಾಣುವ ಆ ಹೊದಿಕೆ ಪಾಲಿಯುರಿಥೇನ್ ಪದರ. ತೇವ, ಬೆವರು ಮತ್ತು ತಲೆಯ ಎಣ್ಣೆ ಸೇರಿದಾಗ ಆ ಪದರ ರಾಸಾಯನಿಕವಾಗಿಯೇ ಶಿಥಿಲಗೊಳ್ಳುತ್ತದೆ. ಉಡುಪಿಯ ಮಳೆಗಾಲದಲ್ಲಿ ಗೋಡೆಗೇ ಪಾಚಿ ಕಟ್ಟುವಾಗ ಅದು ಉಳಿಯುವುದಾದರೂ ಹೇಗೆ? ಎರಡನೆಯ ಮಳೆಗಾಲದ ಕೊನೆಗೆ ಕಪ್ಪು ಚೂರುಗಳು ಕಿವಿಗೂ ಕೂದಲಿಗೂ ಅಂಟತೊಡಗಿದವು. ಬದಲಿ ಮೆತ್ತೆಗಳು ಆನ್‌ಲೈನಿನಲ್ಲಿ ಸಿಕ್ಕವು, ಈ ಬಾರಿ ಬಟ್ಟೆಯ ಹೊದಿಕೆಯವನ್ನೇ ತರಿಸಿದೆ, ಅವುಗಳ ಮೇಲೆ ಹಳೆಯ ಕೈಮಗ್ಗದ ಪಂಚೆಯ ತುಂಡಿನಿಂದ ಹೊಲಿದ ತೆಳುಗವಸನ್ನು ಹಾಕಿ ವಾರಕ್ಕೊಮ್ಮೆ ಒಗೆಯುತ್ತೇನೆ. ಹತ್ತಿ ಬೆವರನ್ನು ಹೀರುತ್ತದೆ, ಕೇಳುವುದರಲ್ಲಿ ನನಗೆ ಗೊತ್ತಾಗುವಂಥ ವ್ಯತ್ಯಾಸವೇನೂ ಆಗಿಲ್ಲ. ಯಾವುದೇ ಹೆಡ್‌ಸೆಟ್ ಕೊಳ್ಳುವ ಮುಂಚೆ ಅದರ ಬದಲಿ ಮೆತ್ತೆ ಮಾರುಕಟ್ಟೆಯಲ್ಲಿದೆಯೇ ಎಂದು ಹುಡುಕಿ ನೋಡುವುದು ಕಂಪನಿಯ ಹೆಸರನ್ನು ನೋಡುವುದಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ನನಗೆ ಕೇಳಿಸುವ ಧ್ವನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾತು ಸ್ಪಷ್ಟ, ಸಂಗೀತ ಸಪ್ಪೆ. ಮೃದಂಗದ ಎಡಭಾಗದ ಗುಂಕಿ ಇಲ್ಲವೇ ಇಲ್ಲ ಎನ್ನಬಹುದು. ಆಟಗಾರರಿಗೆಂದು ಮಾರುವ ಹೆಡ್‌ಸೆಟ್‌ಗಳ 50 ಎಂಎಂ ಡ್ರೈವರ್ (ಬಟ್ಟಲಿನೊಳಗೆ ಧ್ವನಿ ಹೊರಡಿಸುವ ಭಾಗ), 7.1 ಸರೌಂಡ್, ಬಣ್ಣದ ದೀಪ ಇವುಗಳಿಂದ ಪಾಠಕ್ಕೆ ಕಿಂಚಿತ್ತೂ ಉಪಯೋಗವಿಲ್ಲ.

ಕೊರತೆಯೆನಿಸಿದ್ದು ಸೈಡ್‌ಟೋನ್, ಅಂದರೆ ನಮ್ಮ ಧ್ವನಿಯೇ ನಮಗೆ ಮೆಲ್ಲಗೆ ಕೇಳಿಸುವ ಸೌಲಭ್ಯ, ಇದರಲ್ಲಿ ಇಲ್ಲದಿರುವುದು. ಕಿವಿ ಮುಚ್ಚಿದಾಗ ನಾವು ಅರಿವಿಲ್ಲದೆ ಗಟ್ಟಿಯಾಗಿ ಮಾತಾಡುತ್ತೇವೆ, ದಿನದ ಕೊನೆಯ ತರಗತಿಯ ಹೊತ್ತಿಗೆ ಗಂಟಲು ಕಟ್ಟುತ್ತದೆ. ವಿಂಡೋಸ್‌ನಲ್ಲಿ ಮೈಕಿನ ಧ್ವನಿಯನ್ನು ಹೆಡ್‌ಫೋನಿಗೆ ಕೊಡುವ ಆಯ್ಕೆಯಿದೆಯಾದರೂ ಅದು ಕ್ಷಣಕಾಲ ತಡವಾಗಿ ಬಂದು ಮಾತನ್ನು ತೊದಲಿಸುವಂತೆ ಮಾಡುತ್ತದೆ. ಸದ್ಯಕ್ಕೆ ಬಲಗಿವಿಯ ಬಟ್ಟಲನ್ನು ಅರ್ಧ ಹಿಂದಕ್ಕೆ ಸರಿಸಿಕೊಳ್ಳುವುದೇ ನನ್ನ ಪರಿಹಾರ. ತಂತಿಯ ನಡುವಿರುವ ಮ್ಯೂಟ್ ಗುಂಡಿಯೂ ಅಷ್ಟೇನೂ ಜಾಣತನದ್ದಲ್ಲ: ಅದನ್ನು ಒತ್ತಿದರೆ ಮೈಕ್ ಮುಚ್ಚುತ್ತದೆ, ಪರದೆಯ ಮೇಲಿನ ಮೈಕಿನ ಚಿತ್ರ ಮಾತ್ರ ತೆರೆದೇ ಇರುತ್ತದೆ. ಎರಡರ ಹೊಂದಾಣಿಕೆ ಬೇಕಾದವರು ನಿರ್ದಿಷ್ಟ ತಂತ್ರಾಂಶಕ್ಕೆ ಪ್ರಮಾಣಿತವಾದ, ಬೆಲೆ ಹೆಚ್ಚಿರುವ ಮಾದರಿಗಳನ್ನು ನೋಡಬೇಕು.

ಮಕ್ಕಳಿಗೆ ಯಾವ ಹೆಡ್‌ಸೆಟ್ ಕೊಡಿಸಬೇಕು ಎಂದು ಪೋಷಕರು ಕೇಳಿದಾಗ ನಾನು ಧ್ವನಿಮಿತಿಯ ಬಗ್ಗೆ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೆ ವಾರಕ್ಕೆ 40 ಗಂಟೆಯವರೆಗೆ 80 ಡೆಸಿಬಲ್, ಮಕ್ಕಳಿಗೆ ಅಷ್ಟೇ ಅವಧಿಗೆ 75 ಡೆಸಿಬಲ್ ಸುರಕ್ಷಿತ ಮಿತಿ. ‘ಮಕ್ಕಳ ಹೆಡ್‌ಫೋನ್’ ಎಂದು ಮಾರುವ ಹಲವು 85 ಡೆಸಿಬಲ್‌ಗೆ ಮಿತಿ ಹಾಕಿರುತ್ತವೆ, ಆದ್ದರಿಂದ ಆ ಹೆಸರು ನೋಡಿಯೇ ನೆಮ್ಮದಿಯಿಂದಿರಬಾರದು, ಕಂಪ್ಯೂಟರಿನಲ್ಲೂ ಧ್ವನಿಯನ್ನು ತಗ್ಗಿಸಿಡಬೇಕು. ಅಲ್ಲದೆ ನನ್ನ ಮೈಕ್ ಸರಿಯಿದ್ದರೆ ಮಕ್ಕಳು ಧ್ವನಿ ಏರಿಸಿಕೊಳ್ಳಬೇಕಾದ ಸಂದರ್ಭವೂ ಕಡಿಮೆ.

ತಂತಿಯು ಎಡ ಬಟ್ಟಲಿನೊಳಗೆ ಹೋಗುವ ಜಾಗದಲ್ಲಿ ರಬ್ಬರಿನ ಕುತ್ತಿಗೆ ಈಚೆಗೆ ಸೀಳತೊಡಗಿದೆ. ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಕೊಳವೆಯಿಂದ ಸದ್ಯಕ್ಕೆ ಬಿಗಿಮಾಡಿದ್ದೇನೆ. ಇದು ಕೈಕೊಟ್ಟ ದಿನ ಕೊಳ್ಳುವುದೂ ಇದೇ ಬಗೆಯದ್ದನ್ನೇ, ಆದರೆ ತಂತಿಯನ್ನು ಬಿಚ್ಚಿ ಬದಲಿಸಬಹುದಾದ, ಸೈಡ್‌ಟೋನ್ ಇರುವ, ಮೊದಲಿನಿಂದಲೇ ಬಟ್ಟೆಯ ಮೆತ್ತೆ ಬರುವ ಮಾದರಿ ಸಿಕ್ಕರೆ ಅದಕ್ಕೆ ಇನ್ನೂ ಸಾವಿರ ರೂಪಾಯಿ ಹೆಚ್ಚು ಕೊಡಲು ಸಿದ್ಧಳಿದ್ದೇನೆ.