ಹಿನ್ನೀರಿನ ಬದಿ ಫೈಬರ್ ಈಜುಕೊಳ ಹಾಕಿಸುವವರು ಇದನ್ನೊಮ್ಮೆ ಓದಿ

ಬಾಗಲಕೋಟೆ ಸುತ್ತ ತೋಟದ ಮನೆ ಕಟ್ಟಿಸುವವರಲ್ಲಿ ಫೈಬರ್‌ಗ್ಲಾಸ್ ಈಜುಕೊಳದ ಮಾತು ಬರುತ್ತಲೇ ಇರುತ್ತದೆ. ಸಿಮೆಂಟಿನ ಕೊಳವಾದರೆ ತಿಂಗಳುಗಟ್ಟಲೆ ಕೆಲಸ. ಇದಾದರೆ ಗುಂಡಿ ತೋಡಿ, ಸಿದ್ಧ ತೊಟ್ಟಿಯನ್ನು ಕ್ರೇನ್‌ನಲ್ಲಿ ಇಳಿಸಿ, ಪೈಪು ಜೋಡಿಸಿದರೆ ಮುಗೀತು ಅನ್ನುತ್ತಾರೆ. ಅದು ಸುಳ್ಳಲ್ಲ. ನಮ್ಮ ತೋಟದಲ್ಲೂ ಕೆಲಸ ಬೇಗನೇ ಆಯಿತು. ಆದರೆ ಮೊದಲ ಮಳೆಗಾಲ ಮುಗಿಯುವ ಮುಂಚೆಯೇ ಆ ತೊಟ್ಟಿ ನೆಲ ಬಿಟ್ಟು ಎದ್ದಿತು. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ತೊಟ್ಟಿ, ಒಂದು ಬದಿ ಮೊಳದಷ್ಟು ಮೇಲೆ ಬಂದು ನಿಂತಿತ್ತು. ಸುತ್ತ ಹಾಸಿದ್ದ ಶಹಾಬಾದ್ ಕಲ್ಲು ಒಡೆದು ಹೋಳಾಗಿದ್ದವು. ಪಂಪಿಗೆ ಹೋಗುವ ಪೈಪು ಕಿತ್ತು ಬಂದಿತ್ತು.

ನಮ್ಮ ತೋಟ ಘಟಪ್ರಭೆಯ ಹಿನ್ನೀರಿನಿಂದ ದೂರವೇನಿಲ್ಲ. ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ಆಲಮಟ್ಟಿ ಅಣೆಕಟ್ಟೆ ತುಂಬಿದಾಗ ನೀರು ಹಿಂದಕ್ಕೆ ಸರಿದು ಬಾಗಲಕೋಟೆ ತನಕ ಬರುತ್ತದೆ. ಹಳೇ ಊರಿನ ಒಂದು ಭಾಗ ಹಾಗೆಯೇ ಮುಳುಗಿತು. ನವನಗರ ಕಟ್ಟಿದ್ದೇ ಆ ಕಾರಣಕ್ಕೆ. ಬೇಸಿಗೆಯಲ್ಲಿ ನೀರು ದೂರ ಸರಿದು ದಂಡೆ ಬಿರುಕು ಬಿಟ್ಟಿರುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಜೋರು ಮಳೆಯಾದರೆ ಆಲಮಟ್ಟಿ ತುಂಬುತ್ತದೆ. ತುಂಬಿದ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಆಗ ದಂಡೆಯ ಹೊಲಗಳ ಅಡಿಯಲ್ಲೂ ನೀರು ಮೇಲೇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಕೊಳ ಹಾಕುವವರು ಬಂದಿದ್ದು ಸುಡು ಬೇಸಿಗೆಯಲ್ಲಿ. ಜೆಸಿಬಿ ಆರಡಿ ತೋಡಿದರೂ ಒಂದು ಹನಿ ನೀರಿಲ್ಲ. "ಸರ, ನೀವೇನ್ ತಲಿ ಕೆಡಿಸ್ಕೋಬ್ಯಾಡ್ರಿ. ನೆಲ ಪೂರಾ ಒಣಾ ಐತಿ" ಅಂದ ಅವರ ಮುಖ್ಯ ಕೆಲಸಗಾರ. ಆ ಹೊತ್ತಿಗೆ ಅದು ನಿಜವೂ ಆಗಿತ್ತು. ಊರೂರು ಸುತ್ತಿ ಕೊಳ ಹಾಕುವ ಕಂಪನಿಗೆ ಮಳೆಗಾಲದಲ್ಲಿ ಈ ನೆಲ ಏನಾಗುತ್ತದೆ ಅಂತ ಕೇಳಿ ತಿಳಿಯುವುದು ಕಷ್ಟದ ಕೆಲಸವಲ್ಲ. ಯಾರೂ ಕೇಳಲಿಲ್ಲ.

ಎರಡನೆಯದು ಮಣ್ಣು. ನಮ್ಮದು ಎರೆ ಹೊಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ನೆಲ ಇದು. ಮನೆ ಕಟ್ಟುವಾಗ ನಮ್ಮ ಗೌಂಡಿಗಳು ಪಾಯದಿಂದ ಎರೆ ಮಣ್ಣು ಪೂರ್ತಿ ತೆಗೆಸಿ ಗರಸು ತುಂಬಿಸುತ್ತಾರೆ. ಅಷ್ಟು ತಿಳಿವಳಿಕೆ ಇಲ್ಲಿನ ಎಲ್ಲರಿಗೂ ಇದೆ. ಫೈಬರ್ ತೊಟ್ಟಿಯ ಸುತ್ತಲೂ ಹಾಗೇ ಆಗಬೇಕು. ತೊಟ್ಟಿಗಿಂತ ಅಗಲವಾಗಿ ತೋಡಿ, ಬದಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ತಳಕ್ಕೂ ಪಕ್ಕಕ್ಕೂ ತೊಳೆದ ಸಣ್ಣ ಖಡಿ (ಜಲ್ಲಿ) ತುಂಬಬೇಕು. ಖಡಿ ಉಬ್ಬುವುದಿಲ್ಲ, ಕುಗ್ಗುವುದಿಲ್ಲ, ನೀರು ಅದರೊಳಗೆ ಸುಲಭವಾಗಿ ಹರಿಯುತ್ತದೆ. ತುಂಬುವಾಗಲೂ ಒಂದು ಕ್ರಮ ಇದೆ: ಒಳಗೆ ಒಂದಡಿ ನೀರು, ಹೊರಗೆ ಒಂದಡಿ ಖಡಿ, ಮತ್ತೆ ಒಳಗೆ ಒಂದಡಿ ನೀರು. ಎರಡೂ ಜೊತೆಜೊತೆಗೆ ಏರಬೇಕು. ಇಲ್ಲದಿದ್ದರೆ ಗೋಡೆ ಒಳಕ್ಕೋ ಹೊರಕ್ಕೋ ಬಾಗುತ್ತದೆ.

ನಮ್ಮಲ್ಲಿ ತಳಕ್ಕೆ ಮಾತ್ರ ಉಸುಕು ಹಾಸಿದ್ದರು. ಪಕ್ಕಕ್ಕೆ ತೋಡಿದ ಎರೆ ಮಣ್ಣನ್ನೇ ತಳ್ಳಿ, ಮೇಲೆ ನಾಲ್ಕು ಬುಟ್ಟಿ ಖಡಿ ಚೆಲ್ಲಿದ್ದರು. ಕೊಟೇಶನ್‌ನಲ್ಲಿ ಪೂರ್ತಿ ಖಡಿಯ ಲೆಕ್ಕ ಇತ್ತು. ತೊಟ್ಟಿ ಎದ್ದ ಮೇಲೆ ಅಗೆದು ನೋಡಿದಾಗ ಇದು ಗೊತ್ತಾಯಿತು. ಮಳೆ ಶುರುವಾದ ಮೇಲೆ ಉದ್ದನೆಯ ಗೋಡೆ ಒಳಕ್ಕೆ ಸ್ವಲ್ಪ ಉಬ್ಬಿದ್ದು ಯಾಕೆ ಅಂತಲೂ ಆಗಲೇ ಅರ್ಥವಾಯಿತು. ಫೋನ್ ಮಾಡಿ ಕೇಳಿದ್ದಕ್ಕೆ "ಫೈಬರ್ ಅಂದ್ರ ಹಂಗ ಇರ್ತೈತ್ರಿ, ತುಸು ಆಡತೈತಿ" ಅಂದಿದ್ದರು.

ಗಣೇಶ ಹಬ್ಬದ ಹೊತ್ತಿಗೆ ನೀರು ಹಸಿರಾಯಿತು. ಕರೆಂಟು ಸರಿಯಾಗಿ ಇರಲಿಲ್ಲ, ಫಿಲ್ಟರ್ ಓಡಿರಲಿಲ್ಲ, ಪಾಚಿ ಬಂತು. ಸರ್ವಿಸ್‌ಗೆ ಅಂತ ಅದೇ ಕಂಪನಿಯ ಹುಡುಗ ಬಂದ. ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆದು ಹೊಸ ನೀರು ಬಿಡುತ್ತೇನೆ ಅಂದ. ಮೋಟಾರು ಹಚ್ಚಿದ. ಸಂಜೆಗೆ ತಳ ಕಂಡಿತು. ತೊಳೆಯುವುದು ನಾಳೆ ಅಂತ ಹೊರಟುಹೋದ. ರಾತ್ರಿ ಹಲಗೆ ಮುರಿದಂಥ ಸದ್ದು ಕೇಳಿಸಿತು.

ಏನಾಯಿತು ಅಂತ ಲೆಕ್ಕ ಹಾಕಿ ನೋಡಿ. ಆ ತೊಟ್ಟಿ ತುಂಬಿದ್ದಾಗ ಒಳಗಿನ ನೀರು ಸುಮಾರು 25 ಸಾವಿರ ಲೀಟರ್, ಅಂದರೆ 25 ಟನ್ ಭಾರ. ಖಾಲಿ ತೊಟ್ಟಿಯ ತೂಕ ಒಂದು ಟನ್ ಕೂಡ ಇಲ್ಲ. ತಳದ ವಿಸ್ತೀರ್ಣ 15 ಚದರ ಮೀಟರ್ ಅಂತ ಹಿಡಿಯಿರಿ. ಹೊರಗಿನ ನೀರು ತಳಕ್ಕಿಂತ ಬರೀ 30 ಸೆಂಟಿಮೀಟರ್ ಮೇಲಿದ್ದರೂ ಕೆಳಗಿನಿಂದ ನಾಲ್ಕೂವರೆ ಟನ್ ತಳ್ಳುತ್ತದೆ. ಖಾಲಿ ಡಬ್ಬಿಯನ್ನು ನೀರಿನಲ್ಲಿ ಒತ್ತಿ ಹಿಡಿದು ಕೈಬಿಟ್ಟ ಹಾಗೆ, ಮೇಲೆ ಬರಲೇಬೇಕು. ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿ ತೊಟ್ಟಿಯ ಅಂಚನ್ನು ಅದರೊಳಗೆ ಹಿಡಿಸಿದ್ದರೆ ಸ್ವಲ್ಪವಾದರೂ ತಡೆಯುತ್ತಿತ್ತು. ನಮ್ಮಲ್ಲಿ ಅಂಚಿನ ಮೇಲೆ ಸುಮ್ನೆ ಕಲ್ಲು ಕೂರಿಸಿದ್ದರು.

ಮರುದಿನ ನೋಡಲು ಬಂದ ಪಕ್ಕದ ಹೊಲದ ಕಾಕಾ ಒಂದೇ ಮಾತು ಹೇಳಿದರು: "ತಮ್ಮಾ, ಈ ದಿನದಾಗ ನಮ್ಮ ಬಾವ್ಯಾಗ ಬಗ್ಗಿದ್ರ ನೀರು ಕೈಗೆ ಸಿಗತಾವು. ಆ ಹುಡುಗ ಒಂದ ಸಲ ಇಣುಕಿ ನೋಡಿದ್ದ್ರ ಸಾಕಿತ್ತಲ್ಲ." ಮಣ್ಣು ಪರೀಕ್ಷೆ, ಲ್ಯಾಬ್ ವರದಿ ಎಲ್ಲಾ ಇರಲಿ. ಪಕ್ಕದ ಬಾವಿಯಲ್ಲಿ ಭಾದ್ರಪದದ ನೀರಿನ ಗುರುತು ಎಷ್ಟರ ಮೇಲಿದೆ ಅಂತ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಬಾವಿಯ ಕಲ್ಲಿನ ಮೇಲೆ ಬಿಳಿ ಗೆರೆ ಕಾಣುತ್ತದೆ, ಬೇಸಿಗೆಯಲ್ಲೂ ಕಾಣುತ್ತದೆ.

ಹಸಿರು ನೀರಿಗೆ ಖಾಲಿ ಮಾಡುವ ಅಗತ್ಯವೇ ಇರಲಿಲ್ಲ ಅನ್ನುವುದು ನನಗೆ ಜಾಸ್ತಿ ಸಿಟ್ಟು ತರಿಸುವ ವಿಷಯ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಅನ್ನು 7.2ರ ಆಸುಪಾಸಿಗೆ ತಂದು, ಸಂಜೆ ಹೊತ್ತು ಕ್ಲೋರಿನ್ ಜಾಸ್ತಿ ಹಾಕಿ, ಗೋಡೆ ಉಜ್ಜಿ, ಫಿಲ್ಟರ್ ಬಿಡದೆ ಓಡಿಸಬೇಕು. ಸತ್ತ ಪಾಚಿ ತಳಕ್ಕೆ ಕೂತ ಮೇಲೆ ಎಳೆದು ಹೊರಹಾಕಬೇಕು. ಕೆಲವು ದಿನ ಹಿಡಿಯುತ್ತದೆ, ಆದರೆ ನೀರು ತಿಳಿಯಾಗುತ್ತದೆ. ಫೈಬರ್ ಕೊಳವನ್ನು ಖಾಲಿ ಮಾಡುವುದು ತೀರಾ ಅನಿವಾರ್ಯವಾದಾಗ ಮಾತ್ರ. ಅದೂ ಒಣ ಕಾಲದಲ್ಲಿ, ಹೊರಗಿನ ನೀರು ಎಲ್ಲಿದೆ ಅಂತ ಅಳೆದು ನೋಡಿದ ಮೇಲೆ.

ಅಳೆಯುವುದು ಹೇಗೆ? ಕೊಳದ ಆಳದ ಕಡೆ, ತೊಟ್ಟಿಯ ಹೊರಗೆ, ತೂತು ಮಾಡಿದ ಆರೆಂಟು ಇಂಚಿನ ಪಿವಿಸಿ ಪೈಪನ್ನು ತಳಕ್ಕಿಂತ ಕೆಳಗಿನ ಖಡಿಯವರೆಗೆ ನಿಲ್ಲಿಸಿರಬೇಕು. ಮೇಲೊಂದು ಮುಚ್ಚಳ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ನೀರು ಎಷ್ಟರಲ್ಲಿದೆ ತಿಳಿಯುತ್ತದೆ. ಜಾಸ್ತಿ ಇದ್ದರೆ ಅದೇ ಪೈಪಿನಲ್ಲಿ ಸಣ್ಣ ಸಬ್‌ಮರ್ಸಿಬಲ್ ಪಂಪ್ ಇಳಿಸಿ ಹೊರಗೆ ಎತ್ತಬಹುದು. ಒಂದು ಪೈಪಿನ ಖರ್ಚು, ಅಷ್ಟೇ. ಅದನ್ನೂ ಅವರು ಹಾಕಿರಲಿಲ್ಲ.

ಇನ್ನು ಬೋರ್ ನೀರಿನ ಕಥೆ. ನಮ್ಮ ಕಡೆಯ ಬೋರ್ ನೀರು ಗಡಸು. ಬಿಸಿಲಿಗೆ ಕೊಳದ ನೀರು ದಿನಾ ಆರುತ್ತದೆ, ಆದರೆ ಸುಣ್ಣ ಒಳಗೇ ಉಳಿಯುತ್ತದೆ. ಮತ್ತೆ ಬೋರ್ ನೀರು ಬಿಟ್ಟಾಗ ಇನ್ನಷ್ಟು ಸುಣ್ಣ ಸೇರುತ್ತದೆ. ಇದರ ಮೇಲೆ ಅಗ್ಗ ಅಂತ ಬ್ಲೀಚಿಂಗ್ ಪೌಡರ್ ಸುರಿದರೆ ಮುಗೀತು, ಅದರಲ್ಲೂ ಸುಣ್ಣವೇ. ನೀರಿನ ಗೆರೆಯ ಉದ್ದಕ್ಕೂ ಬಿಳಿ ಪದರ ಕಟ್ಟಿ ತೊಟ್ಟಿಯ ನುಣುಪು ಮೈ ಒರಟಾಗುತ್ತದೆ. ಅದನ್ನು ತಂತಿ ಬ್ರಷ್‌ನಿಂದ ಉಜ್ಜಿದರೆ ಮೇಲಿನ ಜೆಲ್‌ಕೋಟ್, ಅಂದರೆ ನುಣುಪು ಪದರ, ಹೋಗುತ್ತದೆ. ದ್ರವ ರೂಪದ ಸೋಡಿಯಂ ಹೈಪೋಕ್ಲೋರೈಟ್ ಬಳಸಿದರೆ ಸುಣ್ಣ ಸೇರುವುದಿಲ್ಲ. ಸಾಧ್ಯವಿದ್ದರೆ ಮನೆ ಮಾಳಿಗೆಯ ಮಳೆನೀರನ್ನು ಶೋಧಿಸಿ ಬಿಡಿ. ಪಿಎಚ್ 7.2ರಿಂದ 7.6, ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇರಲಿ. ಪರೀಕ್ಷೆಯ ಕಿಟ್ ಇಲ್ಲದೆ ಕಣ್ಣಂದಾಜಿನಲ್ಲಿ ನಡೆಸುವ ಕೆಲಸ ಇದಲ್ಲ. ಸರ್ವಿಸ್ ಹುಡುಗ ಒಂದೇ ಬಕೆಟ್‌ನಲ್ಲಿ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಕಲಸಲು ಹೊರಟರೆ ತಕ್ಷಣ ತಡೆಯಿರಿ. ಅದರಿಂದ ಬರುವುದು ವಿಷದ ಕ್ಲೋರಿನ್ ಗಾಳಿ.

ಗ್ಯಾರಂಟಿ ವಿಷಯಕ್ಕೆ ಬರೋಣ. ಮಾರುವಾಗ ವರ್ಷಗಳ ಲೆಕ್ಕದಲ್ಲಿ ಗ್ಯಾರಂಟಿ ಹೇಳಿದ್ದರು. ಕಾಗದದಲ್ಲಿ ಅದು ತೊಟ್ಟಿಗೆ ಮಾತ್ರ ಇತ್ತು. ಕೂರಿಸಿದ ಕೆಲಸಕ್ಕಿಲ್ಲ, ಮಣ್ಣು ಸರಿದರೆ ಇಲ್ಲ, ಅಂತರ್ಜಲದಿಂದ ಎದ್ದರೆ ಇಲ್ಲ. ಖಾಲಿ ಮಾಡಿದ್ದು ನಿಮ್ಮದೇ ಹುಡುಗ ಅಲ್ವಾ ಅಂದರೆ, ಅವನು ನಮ್ಮ ನೌಕರ ಅಲ್ಲ, ಕಾಂಟ್ರ್ಯಾಕ್ಟಿನವನು ಅಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಹಣ ಕೊಟ್ಟ ರಸೀದಿ, ಕೊಟೇಶನ್, ಅಗೆದಾಗ ತೆಗೆದ ಫೋಟೊ ಎಲ್ಲಾ ಜೋಡಿಸಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುವ ತಯಾರಿ ನಡೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ನಿಮಗೂ ಹೀಗೆ ಆಗಿದ್ದರೆ ಈಗಲೇ ಕಾಗದ ತೆಗೆದಿಟ್ಟುಕೊಳ್ಳಿ.

ಹಾಕಿಸಲೇಬೇಕು ಅಂತಿದ್ದರೆ ಮುಂಗಡ ಕೊಡುವ ಮುಂಚೆ ಒಪ್ಪಂದದಲ್ಲಿ ಇಷ್ಟು ಬರೆಸಿ. ಬದಿಗೆ ಎಷ್ಟು ಬ್ರಾಸ್ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ) ಖಡಿ, ತೋಡಿದ ಮಣ್ಣು ಹೊರಗೆ ಸಾಗಿಸುವವರು ಯಾರು, ಸುತ್ತ ಕಾಂಕ್ರೀಟ್ ಪಟ್ಟಿ ಎಷ್ಟು ಅಗಲ, ನೀರು ನೋಡುವ ಪೈಪು ಎಲ್ಲಿ. ತೊಟ್ಟಿ ಎದ್ದರೆ ಹೊಣೆ ಯಾರದು ಅಂತಲೂ ಬರೆಸಿ. ಖಡಿ ತುಂಬುವ ದಿನ ಮನೆಯವರೊಬ್ಬರು ಗುಂಡಿಯ ಬದಿ ನಿಂತಿರಲಿ, ಮೊಬೈಲ್‌ನಲ್ಲಿ ವಿಡಿಯೊ ಆಗಲಿ. ಕೊನೆಯ ಕಂತಿನ ಹಣವನ್ನು ಒಂದು ಮಳೆಗಾಲ ದಾಟಿದ ಮೇಲೆ ಕೊಡುತ್ತೇನೆ ಅಂತ ಹೇಳಿ ನೋಡಿ. ಒಪ್ಪದವರಿಂದ ತೊಟ್ಟಿ ತರಿಸಬೇಡಿ.